ಬಿಳಿ ಶುಕ್ರವಾರ

ಅಮೆರಿಕದಲ್ಲಿ ಹುಟ್ಟಿದಾಗ ಅದು ಕಪ್ಪಗಿತ್ತಂತೆ.
ಈ ಕಡೆ ಹೊರಟಾಗ ಯಾರೋ ತಡೆದು ಹೇಳಿದರಂತೆ,
ಶುಕ್ರವಾರ ನಮಗೆ ನಮಾಜಿನ ದಿನ,
ಅದಕ್ಕೆ ಮಸಿ ಬಳಿಯಬೇಡಿ.
ಸರಿ, ಸುಣ್ಣ ಹೊಡೆದರು.
ಒಂದು ಕಂಪನಿ ಬಿಳಿ ಎಂದಿತು, ಇನ್ನೊಂದು ಹಳದಿ.
ಅದಕ್ಕೂ ಮೊದಲೇ ಚೀನಾದಿಂದ ಬಂದಿತ್ತು
ನಾಲ್ಕು ಒಂದುಗಳನ್ನು ಸಾಲಾಗಿ ನಿಲ್ಲಿಸಿಕೊಂಡ ತಾರೀಕು.
ಅಲ್ಲಿ ಅದು ಒಂಟಿ ಜನರ ಹಬ್ಬವಂತೆ.
ಶಾರ್ಜಾದ ಈ ರೂಮಿನಲ್ಲಿ ನಾವು ಎಂಟು ಮಂದಿ ಒಂಟಿಗಳು,
ನಮಗೆ ಯಾರೂ ಹಬ್ಬ ಅನ್ನಲಿಲ್ಲ,
ಡಬಲ್ ಶಿಫ್ಟ್ ಅಂದರು.

ಬಣ್ಣ ಬದಲಿಸಿ ಗಡಿ ದಾಟುವುದು ನನಗೂ ಗೊತ್ತು.
ಪಾಸ್‌ಪೋರ್ಟಿನಲ್ಲಿ ನಾನು ಬರೀ ಅಣ್ಣಪ್ಪ,
ಹಿಂದಿಲ್ಲ, ಮುಂದಿಲ್ಲ.
ವೀಸಾ ಫಾರಮ್ಮಿನಲ್ಲಿ ಎರಡು ಚೌಕ.
ಖಾಲಿ ಬಿಡಬೇಡ ಮಾರಾಯ, ಏನಾದರೂ ತುಂಬು, ಅಂದ ಏಜೆಂಟ.
ಊರ ಹೆಸರು ತುಂಬಿದೆ.
ಈಗ ಗಿರಾಕಿಯ ಫೋನಿನಲ್ಲಿ ಮೂಡುತ್ತದೆ:
'ಶಿರೂರು ನಿಮ್ಮ ಪಾರ್ಸೆಲ್ ತರುತ್ತಿದ್ದಾರೆ.'
ಇಡೀ ಊರು!
ದೋಣಿ, ದಕ್ಕೆ, ಒಣಮೀನಿನ ವಾಸನೆ,
ಹೆದ್ದಾರಿಯ ಟೋಲ್ ಗೇಟು ಸಮೇತ
ಒಂದು ಬೈಕಿನ ಹಿಂದೆ ಕಟ್ಟಿಕೊಂಡು
ಅಲ್ ನಹ್ದಾದ ಸಿಗ್ನಲ್ಲಿನಲ್ಲಿ ಕಾಯುತ್ತಿದೆ,
ಯಾರದೋ ಹೇರ್ ಡ್ರೈಯರ್ ತಲುಪಿಸಲು.

ವಿಳಾಸ ಅಂದರೆ ಇಲ್ಲಿ ಮಾತು.
ಮಸೀದಿ ದಾಟಿ, ಕೆಫೆಟೇರಿಯಾ ಎದುರು,
ಕೆಳಗೆ ಲಾಂಡ್ರಿ ಇರುವ ಬಿಲ್ಡಿಂಗು.
ಅಂಥ ಬಿಲ್ಡಿಂಗು ಆರಿವೆ.
ಆರರಲ್ಲಿ ನಾಲ್ಕರ ಲಿಫ್ಟು ಕೆಟ್ಟಿದೆ.
ಏರ್ ಫ್ರೈಯರ್ ಹೊತ್ತು ಏಳನೇ ಮಹಡಿಗೆ ಹತ್ತಿದವನಿಗೆ
ಬಾಗಿಲ ಸಂದಿಯಿಂದ ಕೇಳಿಸಿತು,
'ಹೋದ ವಾರ ಇದೇ ಬೆಲೆಗಿತ್ತಲ್ಲ?'
ಹೌದಮ್ಮ. ಹೋದ ವಾರ ಏರಿಸಿದರು,
ಈ ವಾರ ಇಳಿಸಿದರು.
ಏರಿಳಿದದ್ದು ಬೆಲೆಯೋ ನನ್ನ ಮೊಣಕಾಲೋ,
ಕೇಳಲಿಲ್ಲ. ಓಟಿಪಿ ಕೇಳಿದೆ.

ಮಧ್ಯಾಹ್ನ ಜುಮ್ಮಾ.
ಮಸೀದಿ ತುಂಬಿ ಬೀದಿಗೆ ಉಕ್ಕಿದಾಗ
ಸ್ವಾತ್‌ನ ಗುಲ್‌ಜಾದಾ ಖಾಲಿ ಪೆಟ್ಟಿಗೆಯೊಂದನ್ನು ಬಿಚ್ಚಿ
ಡಾಂಬರಿನ ಮೇಲೆ ಹಾಸಿದ,
ಕಂಪನಿಯ ಹೆಸರು ಕೆಳಗಾಗುವಂತೆ.
ಅವನ ಹಣೆ ಮುಟ್ಟಿದಲ್ಲಿ ಬರೀ ಕಂದು ಕಾಗದ.
ಅಷ್ಟು ಹೊತ್ತು ಅವನ ಬೈಕು ನಾನು ಕಾಯ್ದೆ.
ಅವನ ಫೋನು ನನ್ನ ಕೈಯಲ್ಲಿ ಹನ್ನೆರಡು ಸಲ ನಡುಗಿತು.
ಆ ದಿನ ಬಿಳಿಯಾಗಿ ಕಂಡದ್ದು
ಅವನ ಟೋಪಿ ಮಾತ್ರ.

ನನ್ನ ಗುಟ್ಟೊಂದಿದೆ.
ಬುಧವಾರ ರಾತ್ರಿ, ನೇಪಾಳದ ಟೇಕ್‌ಬಹಾದೂರನ ಗೊರಕೆಯ ನಡುವೆ,
ನಾನೂ ಒತ್ತಿದ್ದೆ.
ಮೊಣಕಾಲಿನ ಪಟ್ಟಿ, ಒಂದು ಜೋಡಿ,
ಶೇಕಡಾ ಅರವತ್ತು ಕಡಿತ,
ಇನ್ನು ಮೂರೇ ಉಳಿದಿವೆ ಎಂದು ಕೆಂಪಕ್ಷರದ ಗದರಿಕೆ.
ಗದರಿಕೆಗೆ ಹೆದರುವುದು ನಮ್ಮ ಕಸುಬಲ್ಲವೆ?

ರಾತ್ರಿ ಒಂದೂವರೆ. ಚೀಲದ ತಳದಲ್ಲಿ ಕೊನೆಯ ಪಾರ್ಸೆಲ್ಲು.
ರೋಲಾ, ಲಾಂಡ್ರಿ ಮೇಲೆ, ನಾಲ್ಕನೇ ಮಹಡಿ. ಹೆಸರು: ಶಿರೂರು.
ತಂದವನ ಹೆಸರು: ಶಿರೂರು.
ಮೆಟ್ಟಿಲು ಹತ್ತಿದೆ.
'ಗಿರಾಕಿ ಮನೆಯಲ್ಲಿದ್ದಾರೆಯೆ?' ಆ್ಯಪ್ ಕೇಳಿತು.
ಬಾಗಿಲಲ್ಲಿ ನಿಂತು ಯೋಚಿಸಿದೆ.
ಇನ್ನೂ ಬಂದಿಲ್ಲ ಅನ್ನಲೋ, ಈಗಷ್ಟೇ ಬಂದರು ಅನ್ನಲೋ.
ಎಡ ಜೇಬಿನ ಫೋನಿಗೆ ಸಂಖ್ಯೆ ಬಂತು,
ಬಲಗೈಯ ಫೋನಿಗೆ ಅದನ್ನು ಓದಿ ಹೇಳಿದೆ, ಮೆಲ್ಲಗೆ,
ಒಳಗೆ ಏಳು ಮಂದಿ ಮಲಗಿದ್ದರು.
ಥ್ಯಾಂಕ್ಯೂ ಸರ್, ಅಂದೆ.
ಅಭ್ಯಾಸ.
ಇಡೀ ದಿನದಲ್ಲಿ ನನ್ನನ್ನು ಯಾರೋ
ಸರ್ ಅಂದದ್ದು ಅದೊಂದೇ ಸಲ.

ಬಚ್ಚಲಿನ ಬೆಳಕಿನಲ್ಲಿ ಹಾಕಿ ನೋಡಿದೆ.
ಮೀನಖಂಡದವರೆಗೂ ಜಾರಿತು, ದೊಡ್ಡ ಅಳತೆ.
ಹದಿನೈದು ದಿನದೊಳಗೆ ವಾಪಸು ಕೊಡಬಹುದು.
ಒತ್ತಿದರೆ ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ.

ಯಾರು ಬರುತ್ತಾರೆಂದು ಗೊತ್ತು.
ಪಾಪ, ನಾಲ್ಕು ಮಹಡಿ.
ಪಿನ್ನು ಚುಚ್ಚಿ ಬಿಗಿ ಮಾಡಿಕೊಂಡೆ.